ಎದುರು ಮನೆಯ ಗಾಜು

ಬೂದಿ ಮೆತ್ತಿದ ಬೆರಳನ್ನು ಎದುರು ಮನೆಯ ಕಿಟಕಿಯತ್ತ ಚಾಚಿದಾಗ ಮಾದೇವಿಗೆ ಬೇಕಾಗಿದ್ದದ್ದು ಒಂದೇ ಒಂದು ಕಲೆ. ಆ ಸಿಂಧುಜಾಳ ಫಳಫಳ ಗಾಜಿನ ಮೇಲೆ ಅಡ್ಡಕ್ಕೊಂದು ಗೀಟು ಎಳೆದು ಬಂದರೆ ತನ್ನ ಹೊಟ್ಟೆಯುರಿ ಕೊಂಚ ತಣ್ಣಗಾದೀತು.

ಬೆಳಗಿನಿಂದ ಅವಳು ತನ್ನ ಕಿಟಕಿಯೊಂದಿಗೆ ಗುದ್ದಾಡಿದ್ದಳು. ನೀರೊಲೆಯ ಬೂದಿಯನ್ನು ಜರಡಿ ಹಿಡಿದು ತಿಕ್ಕಿದಳು, ಟೀ ಸೋಸಿ ಉಳಿದ ಚರಟದ ನೀರಲ್ಲಿ ತೊಳೆದಳು, ಹಳೇ ಪೇಪರಿನಲ್ಲಿ ಒರೆಸಿದಳು. ಕುಂದಾ ಬೆಟ್ಟದ ಮಂಜು ಬಂದು ಎಲ್ಲವನ್ನೂ ಮತ್ತೆ ಮಬ್ಬು ಮಾಡಿತು. ಪವರ್‌ಹೌಸ್ ಡ್ಯೂಟಿ ಮುಗಿಸಿ ಬಂದ ಗಂಡ ಸರವಣ ಅದರತ್ತ ಕಣ್ಣೂ ಹಾಯಿಸಲಿಲ್ಲ. "ಎದುರು ಮನೆಯದು ನೋಡು, ಗಾಜು ಇದೆ ಅಂತಲೇ ಗೊತ್ತಾಗಲ್ಲ. ಆಕೆ ಅದೇನು ಹಾಕಿ ತೊಳೀತಾಳೋ ಹೋಗಿ ಕೇಳು," ಅಂದ. ಮಾದೇವಿ ಬೆರಳನ್ನು ಬೂದಿಗೆ ಅದ್ದಿಕೊಂಡು ಹೊರಟಿದ್ದು ಆಗಲೇ.

ಬೆರಳಿಗೆ ಏನೂ ಅಡ್ಡ ಬರಲಿಲ್ಲ. ಚೌಕಟ್ಟಿನೊಳಕ್ಕೆ ಸಲೀಸಾಗಿ ಹೋಗಿ ಸುಕ್ಕುಗಟ್ಟಿದ ಚರ್ಮಕ್ಕೆ ತಾಗಿತು. ಕಿಟಕಿಯಡಿ ಕಂಬಳಿ ಹೊದ್ದು ಕೂತಿದ್ದ ಸಿಂಧುಜಾಳ ಅತ್ತೆಯ ಹಣೆ ಅದು. ಕಣ್ಣು ಮಂಜಾದ ಆ ಮುದುಕಿ ಬೆಚ್ಚಿಬೀಳಲಿಲ್ಲ, ತಲೆಬಾಗಿಸಿದಳು.

"ಯಾರವ್ವಾ, ಮಠದಿಂದ ವಿಭೂತಿ ತಂದೆಯಾ? ಕೋತಿ ಈ ಗಾಜು ಒಡೆದಾಗಿನಿಂದ ಚಳಿಗೆ ನನಗೆ ನಿದ್ದೆಯೇ ಇಲ್ಲ. ನಿನ್ನ ಮನೆಯಾದರೂ ಬೆಚ್ಚಗಿರಲಿ ತಾಯೀ."

ಮಾದೇವಿ ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಮುದುಕಿ ಆ ಬೂದಿ ಬೆರಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.