ಪಫ್ ಪೆಟ್ಟಿಗೆಯ ಬೆಳಕು

ಕಲ್ಯಾಣಮ್ಮ ಪಫ್ ಕಚ್ಚಿದರು. ಪಫ್ ಮುರಿಯಲಿಲ್ಲ, ಸೈಕಲ್ ಟ್ಯೂಬಿನ ಹಾಗೆ ಎಳೆದುಕೊಂಡಿತು. ಕುರುಬರಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಚಕ್ರಪಾಣಿಯ ಬೇಕರಿಯಲ್ಲಿ ಒಬ್ಬರು ಪಫ್ ಕಚ್ಚಿದರೆ ಆ ಸದ್ದಿಗೆ ಸ್ಟಾಪಿನಲ್ಲಿ ನಿಂತ ಬಸ್ಸು ಕಂಡಕ್ಟರ್ ಸೀಟಿ ಊದಿದನೆಂದು ಹೊರಟುಬಿಡುತ್ತಿತ್ತು. ಅಂಥ ಪಫ್ ಇವತ್ತು ಪಿಟಕ್ಕೆನ್ನಲಿಲ್ಲ.

“ಏನ್ರೀ ಚಕ್ರಪಾಣಿ, ಐಸಾಗಿದೆಯಲ್ರೀ ಇದು! ರಾಜ್ಯೋತ್ಸವಕ್ಕೆ ನಮ್ಮ ಮಹಿಳಾ ಸಮಾಜದವ್ರಿಗೆಲ್ಲ ಇದನ್ನ ತಿನ್ನಿಸ್ಲಾ? ಎದುರುಗಡೆ ಹೊಸ ಬೇಕರಿಯವ್ನು ಬಿಸಿಬಿಸಿ ಕೊಡ್ತಾನಂತೆ. ಹಳೇ ಅಂಗಡಿ ಅಂತ ಮೊದಲು ನಿಮ್ಮ ಹತ್ರ ಬಂದೆ.”

“ಚಳಿ ನೋಡಿ ಮೇಡಂ, ಅದಕ್ಕೇ…”

“ಚಳಿ ಏನು, ರಸ್ತೆಯ ಈ ಕಡೆಗೆ ಮಾತ್ರ ಬರುತ್ತಾ?”

ಚಕ್ರಪಾಣಿ ಎದುರಿನ ಬೇಕರಿಯತ್ತ ಕಣ್ಣು ಹಾಯಿಸಿದ. ಮಹಿಳಾ ಸಮಾಜದ ಆರ್ಡರ್ ಎಂದರೆ ಹುಡುಗಾಟವೆ? ಆ ಹೆಂಗಸರು ಒಮ್ಮೆ ತಲೆದೂಗಿದರೆ ಇಡೀ ಬಸವೇಶ್ವರನಗರದ ನಾಮಕರಣ, ಹುಟ್ಟುಹಬ್ಬ, ಷಷ್ಟಿಪೂರ್ತಿಗಳೆಲ್ಲ ಅವನ ಬೇಕರಿಗೇ. ಮೂಗು ಮುರಿದರೆ ಅಷ್ಟೂ ಎದುರಿನವನಿಗೆ.

ಎಡವಟ್ಟು ಎಲ್ಲಾಗಿದೆಯೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ವಾರದಿಂದ ಅವನು ತನ್ನ ಹೊಸ ಸಿಎಫ್‌ಎಲ್ ದೀಪಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಕರೆಂಟು ಉಳಿಸುವ ಆ ದೀಪಗಳಿಗಾಗಿ ಅವನು ಅಲೆದಷ್ಟು ಮಗಳಿಗೆ ಗಂಡು ಹುಡುಕುವವರೂ ಅಲೆಯಲಿಕ್ಕಿಲ್ಲ. ವಿಜಯನಗರದ ಎಲೆಕ್ಟ್ರಿಕಲ್ ಅಂಗಡಿಗಳ ಮೆಟ್ಟಿಲುಗಳೆಲ್ಲ ಅವನ ಚಪ್ಪಲಿಗೆ ಸವೆದು ಇಳಿಜಾರಾಗಿದ್ದವು. ಬಿಳಿ ಬೆಳಕಿನಲ್ಲಿ ಬೆಣ್ಣೆ ಬಿಸ್ಕತ್ತು ಟೈಫಾಯ್ಡ್ ಬಂದವರ ಹಾಗೆ ಕಾಣುತ್ತದೆಂದು ಅಲ್ಲಿಗೆ ಹಳದಿ ಛಾಯೆಯದು. ಬಾಗಿಲಿಗೆ ಬಿಳಿ, ಗಲ್ಲಾಪೆಟ್ಟಿಗೆಯ ಮೇಲೆ ಪುಟಾಣಿಯದು, ಪಫ್ ಜೋಡಿಸುವ ಗಾಜಿನ ಪೆಟ್ಟಿಗೆಯೊಳಗೂ ಒಂದು. ಅಂಗಡಿ ಎಷ್ಟು ಬೆಳಗಿತೆಂದರೆ, ಹುಣ್ಣಿಮೆ ಚಂದ್ರ ಈ ರಸ್ತೆ ಬೇಡವೆಂದು ಮಲ್ಲತ್ತಹಳ್ಳಿ ಕೆರೆಗೆ ವರ್ಗ ಮಾಡಿಸಿಕೊಂಡ. ಮೀಟರಿನ ಚಕ್ರ ಗೊರಕೆ ಹೊಡೆಯತೊಡಗಿತು. ಆ ಉಮೇದಿನಲ್ಲಿ ಚಕ್ರಪಾಣಿ ಬಾಗಿಲಿಗೊಂದು ಬೋರ್ಡು ತೂಗುಹಾಕಿದ: ‘ಈ ಅಂಗಡಿಯಲ್ಲಿ ಒಂದೇ ಒಂದು ಹಳೇ ಬಲ್ಬು ಉರಿಯುವುದನ್ನು ತೋರಿಸಿದವರಿಗೆ ವರ್ಷವಿಡೀ ಪಫ್ ಉಚಿತ.’

ಗಲ್ಲಾದಲ್ಲಿದ್ದ ಅವನ ಹೆಂಡತಿ ಸೀತಾ ಎದ್ದುಬಂದು ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದಳು. “ರೀ, ಇದರೊಳಗಿನ ಬಲ್ಬನ್ನೂ ಬದಲಾಯಿಸಿದ್ರಾ?”

“ಮತ್ತೆ? ಮುಟ್ಟಿ ನೋಡು, ಹೂವು ಮುಟ್ಟಿದ ಹಾಗಿದೆ! ಹಳೇದು ಪಫ್ ತೆಗೆಯೋವಾಗೆಲ್ಲ ನನ್ನ ಕೈ ಸುಡ್ತಿತ್ತು. ಇದು ಒಂಚೂರೂ ಬಿಸಿಯಾಗಲ್ಲ ಕಣೇ!”

ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದ ಮೇಲೆ ಚಕ್ರಪಾಣಿಯ ಬಾಯಿ ಮುಚ್ಚಲಿಲ್ಲ. ಒಂದು ದಿಲ್‌ಪಸಂದ್ ಅಡ್ಡಡ್ಡ ಹೋಗುವಷ್ಟು ತೆರೆದೇ ಇತ್ತು.

“ಇಷ್ಟು ವರ್ಷ ಪಫ್ ಬಿಸಿ ಇರ್ತಿದ್ದಿದ್ದು ನಿಮ್ಮ ಕೈಗುಣ ಅಂತಿದ್ರಲ್ಲ!” ಎಂದಳು ಸೀತಾ.

ಕಲ್ಯಾಣಮ್ಮ ಸೆರಗು ಕೊಡವಿಕೊಂಡು ಎದ್ದರು. “ಹೂವು, ತರಕಾರಿ ತಗೊಂಡು ಬರ್ತೀನಿ. ಅಷ್ಟರಲ್ಲಿ ಇದು ಬಿಸಿಯಾಗಿದ್ರೆ ಆರ್ಡರ್ ನಿಮಗೆ. ಇಲ್ಲಾಂದ್ರೆ ಹಾಗೇ ರಸ್ತೆ ದಾಟ್ತೀನಿ.”

ಅವರು ಮೆಟ್ಟಿಲಿಳಿದದ್ದೇ ತಡ, ಚಕ್ರಪಾಣಿ ಪಂಚೆ ಎತ್ತಿ ಕಟ್ಟಿದ. “ಭಟ್ಟಿ ಹೊತ್ತಿಸ್ತೀನಿ!”

“ಒಂದು ತಟ್ಟೆ ಪಫ್ ಬಿಸಿ ಮಾಡೋಕೆ ಭಟ್ಟಿನಾ? ಚೆನ್ನಾಗಿದೆ ನಿಮ್ಮ ಉಳಿತಾಯ. ಹಳೇ ಬಲ್ಬ್ ಹಾಕಿ ಸುಮ್ನೆ.”

“ಬೋರ್ಡ್ ಇದೆಯಲ್ಲೇ ಹೊರಗೆ! ಇಡೀ ಕುರುಬರಹಳ್ಳಿ ಬಂದು ಪುಕ್ಕಟೆ ತಿಂದು ಹೋಗುತ್ತೆ.”

“ಆರ್ಡರ್ ಬೇಕಾ, ಬೋರ್ಡ್ ಬೇಕಾ?”

ಚಕ್ರಪಾಣಿ ಯೋಚಿಸುತ್ತ ನಿಂತ. ಆ ವೇಗಕ್ಕೆ ಬ್ರೆಡ್ಡು ಬೂಷ್ಟು ಹಿಡಿಯುತ್ತಿತ್ತು. ಸೀತಾ ಕಾಯಲಿಲ್ಲ, ಮಹಡಿ ಮೇಲಿನ ಮನೆಗೆ ಓಡಿ, ಬಚ್ಚಲಿನ ಬಲ್ಬು ಬಿಚ್ಚಿ ತಂದು ಗಾಜಿನ ಪೆಟ್ಟಿಗೆಯೊಳಗೆ ಹಾಕಿಯೇಬಿಟ್ಟಳು. ಒಳಗೆ ಸ್ನಾನಕ್ಕೆ ಕೂತಿದ್ದ ಮಾವನವರು ಕತ್ತಲಲ್ಲಿ ಸೋಪಿಗಾಗಿ ಕೂಗಿಕೊಂಡದ್ದು ಕೆಂಗೇರಿಯವರೆಗೂ ಕೇಳಿಸಿತು.

ಕಲ್ಯಾಣಮ್ಮ ಮಲ್ಲಿಗೆ ದಿಂಡಿನೊಂದಿಗೆ ವಾಪಸು ಬಂದು ಇನ್ನೊಂದು ಪಫ್ ಕಚ್ಚಿದರು. ಆಹಾ, ಆ ಸದ್ದು! ಬೀದಿ ನಾಯಿಗಳು ಪಟಾಕಿಯೆಂದು ಬೆದರಿ ಮಹಾಲಕ್ಷ್ಮಿ ಲೇಔಟಿನ ಕಡೆ ಓಡಿದವು. ಒಳಗಿನ ಪಲ್ಯದಿಂದ ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ಕನ್ನಡಕ ಒರೆಸಿಕೊಳ್ಳುತ್ತಲೇ ಅವರು, “ಸರಿ, ಆರ್ಡರ್ ನಿಮಗೇ. ಇದೇ ಥರ ಇರ್ಬೇಕು” ಎಂದರು.

ಚಕ್ರಪಾಣಿಯ ಅಂಗಿಯ ಗುಂಡಿಗಳು ಹಿಗ್ಗಿಗೆ ಪಟಪಟನೆ ಹಾರುವುದರಲ್ಲಿದ್ದವು. ಅಷ್ಟರಲ್ಲಿ ಕಲ್ಯಾಣಮ್ಮ ಒರೆಸಿದ ಕನ್ನಡಕ ಏರಿಸಿ, ಗಾಜಿನ ಪೆಟ್ಟಿಗೆಯನ್ನೊಮ್ಮೆ, ಬಾಗಿಲ ಬೋರ್ಡನ್ನೊಮ್ಮೆ ನೋಡಿದರು.

“ಅಲ್ರೀ, ಒಳಗೆ ಉರೀತಿರೋದು ಹಳೇ ಬಲ್ಬ್ ಅಲ್ವಾ? ನಾಳೆಯಿಂದ ಪಫ್‌ಗೆ ನಾನು ಡಬ್ಬಿ ತರ್ಲಾ, ಚೀಲ ತರ್ಲಾ?”

ಚಕ್ರಪಾಣಿ ಎದೆ ಸೆಟೆಸಿ ನಿಂತ. “ಯಾವ ಬಲ್ಬು ಮೇಡಂ? ಅದು ಭಟ್ಟಿ. ಪುಟ್ಟ ಭಟ್ಟಿ. ಪಫ್ ಕಾಯಿಸೋಕೆ ಅಂತಲೇ ಇಟ್ಟಿರೋದು.”

“ಓಹೋ, ಭಟ್ಟಿನಾ? ಮತ್ತೆ ಇಷ್ಟೊಂದು ಬೆಳಕು ಬರ್ತಿದೆಯಲ್ಲ, ಅದೇನು?”

ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದ ಸೀತಾ ತಲೆಯೆತ್ತದೆ ಹೇಳಿದಳು:

“ಅದು ಕೊಸರು, ಆಂಟಿ.”