ಹಿರಿಯರಿಗೆ ಕೊನೆಯ ಜಾಗ

ಸಂಜೆ ಕಾಲೇಜಿನ ಆನ್‌ಲೈನ್ ಪರೀಕ್ಷೆಗೆ ಮುಂಚೆ ಕಂಪ್ಯೂಟರು ಚೊಕ್ಕಟವಾಗಿರಲಿ ಎಂದು ಮಂದಾಕಿನಿ ಪರದೆಯ ಐಕಾನುಗಳನ್ನೆಲ್ಲ ಹೊಸದಾಗಿ ಸಾಲು ಹಿಡಿಸಿ ಕೂರಿಸಿದ್ದೇ ತಪ್ಪಾಯಿತು. ಈಗ ಯಾವುದನ್ನು ಒತ್ತಿದರೂ ಅದು ಮುಖ ತಿರುಗಿಸಿಕೊಳ್ಳುತ್ತಿತ್ತು. ಪರೀಕ್ಷೆ ತಪ್ಪಿದರೆ ಒಂದು ವರ್ಷವೇ ಹಾಳು. ಎಲ್ಲ ತನ್ನಿಂದಲೇ ಕೆಟ್ಟಿತೆಂದು ಅವಳು ಒಂದೊಂದನ್ನೂ ಮತ್ತೆ ಮತ್ತೆ ಒತ್ತಿ ನೋಡಿದಳು.

ಪಕ್ಕದ ಮನೆಯ ವನಜಕ್ಕ ಬಂದು ಇಣುಕಿದರು. "ಅಯ್ಯೋ ನಿನ್ನ! ಕ್ಯಾಲ್ಕುಲೇಟರು ಇವರಲ್ಲೆಲ್ಲ ಹಿರಿಯರು. ಅವರನ್ನ ಪಂಕ್ತಿಯ ಕೊನೇಲಿ, ಕಸದಬುಟ್ಟಿ ಪಕ್ಕ ಕೂರಿಸಿದ್ದೀಯಲ್ಲೇ! ಮಿಕ್ಕವರು ಸುಮ್ಮನಿರ್ತಾರಾ?"

"ಬಣ್ಣ ನೋಡಿ ಜೋಡಿಸಿದೆ ಅಕ್ಕಾ, ಚೆಂದ ಕಾಣ್ಲಿ ಅಂತ."

"ಮದುವೆ ಊಟಕ್ಕೆ ನಿಮ್ಮ ದೊಡ್ಡಪ್ಪನ್ನೂ ಅಂಗಿ ಬಣ್ಣ ನೋಡಿ ಕೂರಿಸ್ತೀಯಾ?"

ಮಂದಾಕಿನಿ ಮೌಸನ್ನು ಎರಡೂ ಕೈಯಲ್ಲಿ ಹಿಡಿದು, ಕ್ಯಾಲ್ಕುಲೇಟರನ್ನು ಮೆಲ್ಲಗೆ ಮೊದಲ ಜಾಗಕ್ಕೆ ಕರೆತಂದಳು. "ತಪ್ಪಾಯ್ತು, ಇಲ್ಲಿ ಕೂತ್ಕೊಳ್ಳಿ" ಎಂದು ಕೈಮುಗಿದಳು. ಐಕಾನುಗಳೆಲ್ಲ ಒಂದೊಂದಾಗಿ ಇತ್ತ ತಿರುಗಿದವು. ಪರೀಕ್ಷೆಯ ಪುಟ ತೆರೆಯಿತು.

ಮೊದಲ ಪ್ರಶ್ನೆಯೇ ಉದ್ದದ ಗುಣಾಕಾರ. ಅವಳು ಅಳುಕುತ್ತಲೇ ಕ್ಯಾಲ್ಕುಲೇಟರನ್ನು ಒತ್ತಿದಳು.

"ಪಂಕ್ತಿಗೆ ಕೂತವರನ್ನ ಯಾರಾದರೂ ಎಬ್ಬಿಸ್ತಾರೇನಮ್ಮಾ?" ಎಂದಿತು ಅದು.

"ಇಲ್ಲ ಇಲ್ಲ, ನಿಧಾನವಾಗಿ ಆಗಲಿ" ಎಂದು ಮಂದಾಕಿನಿ ಬೆರಳು ಮಡಚಿ ಎಣಿಸತೊಡಗಿದಳು.