ಹಸಿ ಐತೇನ?

ಡಾಂಬರಿನ ವಾಸನೆ ಬಂದರೆ ನನಗೆ ಈಗಲೂ ಹೊಟ್ಟೆ ಹಸಿಯುತ್ತದೆ, ಆದರೆ ತುತ್ತು ಸೇರುವುದಿಲ್ಲ. ಈ ವಯಸ್ಸಿನಲ್ಲಿ ಅದನ್ನು ಗ್ಯಾಸ್ ಎಂದುಕೊಂಡು ಗುಳಿಗೆ ನುಂಗುವುದು ಸುಲಭ.

ಆಗ ನಾವು ನಾಸಿಕದಲ್ಲಿದ್ದೆವು. ಅಪ್ಪ ವಿಜಯಪುರದ ಕಡೆಯವನು. ಹತ್ತಿರದ ಘೋಟಿ ಊರಿನಿಂದ ಅಕ್ಕಿ ಹೇರಿ ತರುವ ಹಳೆಯ ಪಿಕಪ್ ಅವನ ಸ್ವಂತದ್ದು. ಮಳೆಗಾಲಕ್ಕೆ ಮೊದಲು ಒಂದು ಮಧ್ಯಾಹ್ನ ಗಾಲಿ ಬಿಚ್ಚಿ, ಅದರ ಮೇಲಿನ ತಗಡಿನ ಒಳಮೈಯನ್ನು ತಂತಿಬ್ರಷ್‌ನಿಂದ ತಿಕ್ಕಿ ತೊಳೆದ. ತುಕ್ಕು ಹಿಡಿಯದಂತೆ ಡಾಂಬರಿನಂಥ ಕರಿ ಬಣ್ಣ ಬಳಿಯಬೇಕಿತ್ತು. ನಾನು ಗಾಲಿಯ ಗೂಡಿನ ಹತ್ತಿರ ಕೂತಿದ್ದೆ. ಆಚೆ ಬದಿ ಬಣ್ಣ ಕಲಸುತ್ತಿದ್ದ ಅಪ್ಪ ಕೂಗಿದ:

“ಯವ್ವಾ, ಹಸಿ ಐತೇನ?”

ಶಾಲೆಯಲ್ಲೂ ಓಣಿಯಲ್ಲೂ ಮರಾಠಿಯಾಡುತ್ತಿದ್ದ ನನ್ನ ಕನ್ನಡ ಅರೆಬೆಂದದ್ದು. ಹಸಿವಾಗಿದೆಯೇ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಹಸಿವಾಗಿತ್ತು. ಆದರೂ ಅವನ ಕೆಲಸ ನಿಲ್ಲಬಾರದೆಂದು, ಶಾಣ್ಯಾಕಿಯಂತೆ, “ಇಲ್ಲಪ್ಪಾ, ಅಜಿಬಾತ್ ಇಲ್ಲ!” ಅಂದೆ.

“ಭಾರಿ ಆತು ಬಿಡು,” ಅಂದವನೇ ಬಳಿಯತೊಡಗಿದ.

ಎರಡು ಮಳೆಗಾಲ ಕಳೆದ ಮೇಲೆ, ನಮ್ಮ ಕಡೆಯವನೇ ಆದ ಗ್ಯಾರೇಜಿನ ಮಿಸ್ತ್ರಿ ಚುಚ್ಚಿದ ಸ್ಕ್ರೂಡ್ರೈವರ್ ತಗಡಿನಾಚೆ ಬಂತು. ಚಾಸಿಯೂ ತಿಂದುಹೋಗಿತ್ತು.

“ಹಸಿ ಇದ್ದಾಗನ ಬಳದೀರೇನ್ರಿ? ನೀರು ಒಳಗ ಕುಂತು ತಿಂದೈತಿ.”

ಆ ಪದ ನನಗೆ ಅರ್ಥವಾದದ್ದು ಆಗಲೇ.

“ಏ, ನನ್ನ ಮಗಳು ನೋಡಿ ಹೇಳ್ಯಾಳ, ಒಣಗಿತ್ತು. ಬಣ್ಣಾನ ಖೊಟ್ಟಿ,” ಅಂದ ಅಪ್ಪ.

ಪಿಕಪ್ ಗುಜರಿಗೆ ಹೋಯಿತು, ಅಪ್ಪ ಸಿಮೆಂಟ್ ಚೀಲ ಹೊರಲು ಹೋದ. ಸಾಯುವವರೆಗೂ ಉಣ್ಣಲು ಕೂತಾಗಲೆಲ್ಲ ಆ ಬಣ್ಣ ಮಾರಿದವನನ್ನು ಬೈಯುತ್ತಿದ್ದ. ನಾನು ಇನ್ನೊಂದು ರೊಟ್ಟಿ ಬಡಿಸುತ್ತಿದ್ದೆ.